ಮಾರ್ಫಿನ್ ಎಂದರೆ ಬೆಚ್ಚಿಬೀಳುವ ಮನೆಗಳಿಗೆ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಆಸ್ಪತ್ರೆಗಳಲ್ಲಿ 33 ವರ್ಷ ಅರಿವಳಿಕೆ ತಜ್ಞೆಯಾಗಿ ದುಡಿದು ನಿವೃತ್ತಳಾದವಳು ನಾನು. ಅಷ್ಟು ವರ್ಷಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆಂದು ನನ್ನ ಮುಂದೆ ಮಲಗಿದ ಬಹುತೇಕ ಎಲ್ಲರಿಗೂ ನೋವು ತಡೆಯುವ ಫೆಂಟನಿಲ್ ಇಲ್ಲವೇ ಮಾರ್ಫಿನ್ ಕೊಟ್ಟಿದ್ದೇನೆ. ಅದು ಬೇಡವೆಂದು ತಡೆದ ಬಂಧುಗಳು ಒಬ್ಬರೂ ನೆನಪಿಗೆ ಬರುತ್ತಿಲ್ಲ. ಆದರೆ ಎರಡು ವರ್ಷಗಳ ಹಿಂದೆ ನನ್ನ ಅಕ್ಕನ ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ, ಆಕೆ ಮಗ್ಗುಲು ಬದಲಿಸಲೂ ಆಗದೆ ನರಳುತ್ತಿದ್ದಾಗ, ವೈದ್ಯರು ಬರೆದುಕೊಟ್ಟ ಅದೇ ಮಾರ್ಫಿನ್ ಮಾತ್ರೆಯನ್ನು ನಮ್ಮ ಮನೆಯವರೇ 11 ದಿನ ಆಕೆಯ ಬಾಯಿಗೆ ಹೋಗಗೊಡಲಿಲ್ಲ. ಆ ಹನ್ನೊಂದು ದಿನಗಳ ಕಾರಣದಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಕ್ಕನ ಮನೆ ವಿದ್ಯಾರಣ್ಯಪುರದಲ್ಲಿ; ಚಿಕಿತ್ಸೆ ನಡೆಯುತ್ತಿದ್ದ ಆಸ್ಪತ್ರೆ ನಗರದ ಇನ್ನೊಂದು ತುದಿಯಲ್ಲಿ. ಮೂಳೆಗೆ ಕ್ಯಾನ್ಸರ್ ಇಳಿದವರಿಗೆ ಈ ಊರಿನ ರಸ್ತೆಯುಬ್ಬುಗಳು ಏನು ಮಾಡುತ್ತವೆ ಎಂಬುದು ಕಾರಿನಲ್ಲಿ ಅವರ ಪಕ್ಕ ಕುಳಿತವರಿಗಷ್ಟೇ ಗೊತ್ತು. ಹೆಬ್ಬಾಳ ದಾಟುವಷ್ಟರಲ್ಲಿ ಅಕ್ಕ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿರುತ್ತಿದ್ದಳು, ಪ್ರತಿ ಗುಂಡಿಗೂ ಆಕೆಯ ಕೈ ನನ್ನ ಮೊಣಕೈಯನ್ನು ಹಿಸುಕುತ್ತಿತ್ತು. ಪ್ಯಾರಸಿಟಮಾಲ್ ಆಗಿತ್ತು, ಟ್ರಮಡಾಲ್ ಆಗಿತ್ತು, ಎರಡೂ ಸೋತಿದ್ದವು. ಆಗ ವೈದ್ಯರು ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆ ಎಂದು ಬರೆದರು. ಭಾವನವರು ಚೀಟಿ ನೋಡಿ, 'ಅಫೀಮು ಕೊಡುವ ಹಂತಕ್ಕೆ ಬಂತೇ?' ಎಂದು ಕುಸಿದು ಕುಳಿತರು. ಮಗನಿಗೆ ಪೊಲೀಸರ ಭಯ, ಸೊಸೆಗೆ ಚಟ ಹತ್ತಿಬಿಡುತ್ತದೆಂಬ ಭಯ. ಅಕ್ಕನಿಗೋ, ಈಗಲೇ ಇದನ್ನು ತೆಗೆದುಕೊಂಡರೆ ಮುಂದೆ ನೋವು ಹೆಚ್ಚಾದಾಗ ಔಷಧವೇ ಉಳಿಯುವುದಿಲ್ಲವೆಂಬ ಭಯ. ಜೀವಮಾನವೆಲ್ಲ ಇದೇ ಔಷಧದೊಡನೆ ಕಳೆದ ನನ್ನ ಮಾತು ಆ ಮನೆಯಲ್ಲಿ ನಡೆಯಲಿಲ್ಲ. ಅವರಲ್ಲಿ ಯಾರೂ ಕಲ್ಲೆದೆಯವರಲ್ಲ, ಎಲ್ಲರೂ ಆಕೆಯನ್ನು ಪ್ರಾಣದಂತೆ ಪ್ರೀತಿಸುವವರೇ. ಅವರನ್ನು ಕಟ್ಟಿಹಾಕಿದ್ದು ಆ ಹೆಸರಿನ ಸುತ್ತ ಬೆಳೆದ ಭಯ. ಇಂಥ ಭಯ ಈ ನಗರದ ಇನ್ನೂ ಎಷ್ಟೋ ಮನೆಗಳಲ್ಲಿ ಇದೆಯೆಂದು ನನಗೆ ಗೊತ್ತು.

ಅಫೀಮು ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ. ನಮ್ಮ ಮದುವೆ ಮನೆಗಳಲ್ಲಿ ಪಾಯಸವಾಗುವ ಗಸಗಸೆಯೂ ಅಫೀಮೂ ಒಂದೇ ಗಿಡದಿಂದ ಬರುತ್ತವೆ. ಬೀಜ ಗಸಗಸೆ, ಹಸಿ ಕಾಯಿಯನ್ನು ಗೀರಿದಾಗ ಒಸರಿ ಗಟ್ಟಿಯಾಗುವ ಹಾಲು ಅಫೀಮು. ನೋವು ಕಳೆಯುವ ಸತ್ವ ಇರುವುದು ಆ ಹಾಲಿನಲ್ಲಿ. ಜರ್ಮನಿಯ ಫ್ರೆಡ್ರಿಕ್ ಸೆರ್ಟ್ಯುರ್ನರ್ ಎಂಬ ಯುವಕ, ಔಷಧಾಲಯವೊಂದರಲ್ಲಿ ಸಹಾಯಕನಾಗಿದ್ದಾಗ, 1805ರ ಸುಮಾರಿಗೆ ಆ ಸತ್ವವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನ ಹೆಸರನ್ನು ಅದಕ್ಕೆ ಇಟ್ಟನು. ಅದರಿಂದಾದ ದೊಡ್ಡ ಉಪಕಾರವೆಂದರೆ ಅಳತೆ. ಒಂದು ಉಂಡೆ ಅಫೀಮಿನಲ್ಲಿ ಸತ್ವ ಎಷ್ಟಿದೆಯೆಂದು ಯಾರೂ ಹೇಳಲಾರರು, ಒಂದು ಮಾರ್ಫಿನ್ ಮಾತ್ರೆಯಲ್ಲಿ ಎಷ್ಟಿದೆಯೆಂಬುದು ಅದರ ಮೇಲೆಯೇ ಬರೆದಿರುತ್ತದೆ. ನನ್ನ ಭಾವನವರು ಹೆದರಿದ್ದು ಆ ಉಂಡೆಗೆ, ವೈದ್ಯರು ಬರೆದಿದ್ದು ಈ ಮಾತ್ರೆಯನ್ನು.

ಇದು ನೋವನ್ನು ತಡೆಯುವ ಬಗೆಯೂ ಮಂಪರು ಬರಿಸಿ ಮರೆಸುವ ಬಗೆಯಲ್ಲ. ಗಾಯವಾದ ಜಾಗದಿಂದ ನೋವಿನ ಸಂದೇಶ ನರಗಳ ಮೂಲಕ ಬೆನ್ನುಹುರಿಯನ್ನು ತಲುಪಿ, ಅಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟಿ ಮಿದುಳಿಗೆ ಏರುತ್ತದೆ. ಆ ದಾಟುವ ಸ್ಥಳದಲ್ಲಿಯೂ ಮಿದುಳಿನ ಹಲವು ಭಾಗಗಳಲ್ಲಿಯೂ ಒಪಿಯಾಯ್ಡ್‌ಗಳು, ಅಂದರೆ ಮಾರ್ಫಿನ್ ಬಗೆಯ ಔಷಧಗಳು, ಬಂದು ಅಂಟಿಕೊಳ್ಳುವ ಒಪಿಯಾಯ್ಡ್ ಗ್ರಾಹಕಗಳೆಂಬ ಅಣುಗಳಿವೆ. ಅವು ಇರುವುದನ್ನು 1973ರಲ್ಲಿ ಪ್ರಯೋಗಗಳು ತೋರಿಸಿಕೊಟ್ಟವು. ಎಲ್ಲೋ ಬೆಳೆಯುವ ಗಿಡವೊಂದರ ರಸಕ್ಕೆ ನಮ್ಮ ಮಿದುಳಿನಲ್ಲಿ ಹೊಂದುವ ಗ್ರಾಹಕ ಏಕಿರಬೇಕು ಎಂಬ ಪ್ರಶ್ನೆಗೆ 1975ರಲ್ಲಿ ಉತ್ತರ ಸಿಕ್ಕಿತು: ದೇಹ ತಾನೇ ಅದೇ ಬಗೆಯ ಕೆಲಸ ಮಾಡುವ ಎನ್ಕೆಫಾಲಿನ್‌ಗಳನ್ನು ತಯಾರಿಸಿಕೊಳ್ಳುತ್ತದೆ. ಮಾರ್ಫಿನ್ ಆ ಗ್ರಾಹಕಕ್ಕೆ ಅಂಟಿಕೊಂಡಾಗ ಸಂದೇಶ ಕಳಿಸುವ ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲು ಮುಚ್ಚಿ, ಸಂದೇಶವಾಹಕ ರಾಸಾಯನಿಕದ ಬಿಡುಗಡೆ ಕಡಿಮೆಯಾಗುತ್ತದೆ. ಸಂದೇಶ ಪಡೆಯುವ ಕೋಶದಿಂದ ಪೊಟ್ಯಾಸಿಯಂ ಹೊರಹರಿದು ಆ ಕೋಶ ಸುಲಭವಾಗಿ ಕೆರಳದಂತಾಗುತ್ತದೆ. ಇದರ ಜೊತೆಗೆ ನೋವಿನ ಯಾತನೆಯ ಭಾಗವೂ ತಗ್ಗುತ್ತದೆ. 'ನೋವು ಇದೆ ಡಾಕ್ಟ್ರೇ, ಆದರೆ ಅದು ನನ್ನನ್ನು ತಿನ್ನುತ್ತಿಲ್ಲ' ಎಂದು ರೋಗಿಗಳು ಹೇಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಇನ್ನು ಶಸ್ತ್ರಚಿಕಿತ್ಸೆಯ ವಿಷಯ. ಅರಿವಳಿಕೆಯೆಂದರೆ ನಿದ್ದೆ ಬರಿಸುವುದು ಎಂದು ಬಹಳ ಜನ ತಿಳಿದಿದ್ದಾರೆ, ಆದರೆ ಪ್ರಜ್ಞೆ ತಪ್ಪಿದ ಮಾತ್ರಕ್ಕೆ ದೇಹ ನೋವಿಗೆ ಪ್ರತಿಕ್ರಿಯಿಸುವುದನ್ನು ನಿಲ್ಲಿಸುವುದಿಲ್ಲ. ಪ್ರೊಪೊಫಾಲ್ ಕೊಟ್ಟು ಮಲಗಿಸಿದ ರೋಗಿಗೆ ನೋವಿನ ಔಷಧ ಸಾಲದಾದರೆ, ಶಸ್ತ್ರವೈದ್ಯರ ಚಾಕು ಚರ್ಮಕ್ಕೆ ತಗುಲಿದ ಕೂಡಲೇ ನಾಡಿಬಡಿತ ಓಡತೊಡಗುತ್ತದೆ, ರಕ್ತದೊತ್ತಡ ಏರುತ್ತದೆ, ಹಣೆ ಬೆವರುತ್ತದೆ, ಮುಚ್ಚಿದ ಕಣ್ಣಿನ ಅಂಚಿನಲ್ಲಿ ನೀರು ಕಾಣಿಸಿಕೊಳ್ಳುತ್ತದೆ. ಆ ಕಣ್ಣೀರನ್ನು ಗಮನಿಸಬೇಕೆಂದು ನನ್ನ ಗುರುಗಳು ಮೊದಲ ವಾರದಲ್ಲೇ ಕಲಿಸಿದ್ದರು. ಹೃದಯದ ರಕ್ತನಾಳ ಕಿರಿದಾಗಿರುವ ವೃದ್ಧರಿಗೆ ಇಂಥ ಏರಿಕೆಯೇ ಅಪಾಯ ತಂದೀತು. ಉಸಿರಾಟದ ಕೊಳವೆಯನ್ನು ಗಂಟಲಿನ ಮೂಲಕ ಇಳಿಸುವ ಗಳಿಗೆಯಂತೂ ಇಡೀ ಅರಿವಳಿಕೆಯಲ್ಲಿಯೇ ದೇಹವನ್ನು ಅತಿ ಹೆಚ್ಚು ಕೆರಳಿಸುವ ಗಳಿಗೆಗಳಲ್ಲೊಂದು. ಆದ್ದರಿಂದ ಅದಕ್ಕೆ ಕೆಲವು ನಿಮಿಷ ಮೊದಲೇ ಫೆಂಟನಿಲ್ ಕೊಡುತ್ತೇವೆ.

ಫೆಂಟನಿಲ್ ಗಿಡದಿಂದ ಬಂದದ್ದಲ್ಲ. ಬೆಲ್ಜಿಯಂನ ಪಾಲ್ ಯಾನ್ಸೆನ್ 1960ರಲ್ಲಿ ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದ ಔಷಧ ಅದು. ತೂಕಕ್ಕೆ ತೂಕ ಹೋಲಿಸಿದರೆ ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಪ್ರಬಲ. ಹಾಗಾಗಿ ಅದನ್ನು ನಾವು ಮಿಲಿಗ್ರಾಂನಲ್ಲಿ ಅಲ್ಲ, ಮೈಕ್ರೊಗ್ರಾಂನಲ್ಲಿ ಅಳೆಯುತ್ತೇವೆ. ಎರಡು ಮಿಲಿಲೀಟರಿನ ಒಂದು ಆಂಪೂಲ್‌ನಲ್ಲಿ 100 ಮೈಕ್ರೊಗ್ರಾಂ ಇರುತ್ತದೆ, ಅಂದರೆ ಸಕ್ಕರೆಯ ಒಂದು ಹರಳಿಗಿಂತ ಕಡಿಮೆ ತೂಕ. 60 ಕಿಲೋ ತೂಕದ ವ್ಯಕ್ತಿಯ ದೊಡ್ಡ ಶಸ್ತ್ರಚಿಕಿತ್ಸೆಯ ಆರಂಭಕ್ಕೆ ಸಾಮಾನ್ಯವಾಗಿ ಅಷ್ಟು ಸಾಕು. ಅದು ಕೊಬ್ಬಿನಲ್ಲಿ ಸುಲಭವಾಗಿ ಕರಗುವುದರಿಂದ ಮಿದುಳನ್ನು ಬೇಗ ತಲುಪುತ್ತದೆ, ಒಂದು ಸಲದ ಪ್ರಮಾಣ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಇಳಿಯುತ್ತದೆ. ಮಾರ್ಫಿನ್ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ, ಅದಕ್ಕಾಗಿ ಶಸ್ತ್ರಚಿಕಿತ್ಸೆ ಮುಗಿದ ಮೇಲಿನ ಗಂಟೆಗಳಿಗೆ ಅದು ಹೊಂದುತ್ತದೆ. ಒಪಿಯಾಯ್ಡ್ ಜೊತೆಗಿದ್ದರೆ ಪ್ರೊಪೊಫಾಲ್, ಸೀವೊಫ್ಲುರೇನ್‌ಗಳಂಥ ನಿದ್ದೆಯ ಔಷಧಗಳು ಕಡಿಮೆ ಪ್ರಮಾಣದಲ್ಲಿ ಸಾಕಾಗುತ್ತವೆ, ಅವು ರಕ್ತದೊತ್ತಡವನ್ನು ಕುಗ್ಗಿಸುವ ತೊಂದರೆಯೂ ಅಷ್ಟರ ಮಟ್ಟಿಗೆ ತಗ್ಗುತ್ತದೆ. ನಿದ್ದೆಗೆ ಒಂದು, ನೋವಿಗೆ ಒಂದು, ಸ್ನಾಯು ಸಡಿಲಿಸಲು ಒಂದು ಎಂದು ಕೆಲಸ ಹಂಚಿ ಕೊಡುವ ಈ ಪದ್ಧತಿಯೇ ಇಂದಿನ ಸಾಮಾನ್ಯ ಅರಿವಳಿಕೆಯ ಅಡಿಪಾಯ.

ಸಿಸೇರಿಯನ್ ಆದ ತಾಯಂದಿರಲ್ಲಿ ಅನೇಕರಿಗೆ ತಾವು ಮಾರ್ಫಿನ್ ಪಡೆದದ್ದೇ ತಿಳಿದಿರುವುದಿಲ್ಲ. ಬೆನ್ನಿಗೆ ಕೊಡುವ ಚುಚ್ಚುಮದ್ದಿನಲ್ಲಿ ಮರಗಟ್ಟಿಸುವ ಔಷಧದ ಜೊತೆ 0.1ರಿಂದ 0.15 ಮಿಲಿಗ್ರಾಂ ಮಾರ್ಫಿನ್ ಸೇರಿಸಿದರೆ, ಕಾಲುಗಳ ಮರಗಟ್ಟುವಿಕೆ ಕೆಲವು ಗಂಟೆಗಳಲ್ಲಿ ಹೋದರೂ ಹೊಲಿಗೆಯ ನೋವಿನ ಶಮನ ಸುಮಾರು 18ರಿಂದ 24 ಗಂಟೆ ಉಳಿಯುತ್ತದೆ. ಮೈ ನವೆ, ಸ್ವಲ್ಪ ವಾಕರಿಕೆ ಬರಬಹುದು. ಆದರೆ ಆ ತಾಯಿ ಮೊದಲ ದಿನವೇ ಎದ್ದು ಕುಳಿತು ಮಗುವಿಗೆ ಹಾಲೂಡಿಸುತ್ತಾಳೆ. ಎದೆ ಅಥವಾ ಮೇಲ್ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ನೋವು ತಗ್ಗದಿದ್ದರೆ ಅವರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ನಿಂತು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಹಲ್ಲು ಕಚ್ಚಿ ನೋವು ಸಹಿಸುವವರನ್ನು ಗಟ್ಟಿಜೀವ ಎಂದು ಹೊಗಳುವ ರೂಢಿ ನಮ್ಮಲ್ಲಿದೆ. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಆ ಸಹನೆಯಿಂದ ಲಾಭವಾದ ಒಬ್ಬ ರೋಗಿಯನ್ನೂ ನಾನು ಕಂಡಿಲ್ಲ.

ಅಪಾಯವನ್ನು ಮುಚ್ಚಿಡಲು ಈ ಪತ್ರ ಬರೆಯುತ್ತಿಲ್ಲ. ಇವುಗಳ ಮುಖ್ಯ ಅಪಾಯ ಉಸಿರಾಟಕ್ಕೆ ಸಂಬಂಧಿಸಿದ್ದು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳಿನ ಕಾಂಡ 'ಉಸಿರಾಡು' ಎಂದು ಆಜ್ಞಾಪಿಸುತ್ತದೆ, ಒಪಿಯಾಯ್ಡ್ ಹೆಚ್ಚಾದರೆ ಆ ಆಜ್ಞೆ ಮಂಕಾಗುತ್ತದೆ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ರೋಗಿಯ ಉಸಿರಾಟ ನಮ್ಮ ಕೈಯಲ್ಲಿ, ಯಂತ್ರದಲ್ಲಿ ಇರುವುದರಿಂದ ದೊಡ್ಡ ಪ್ರಮಾಣವನ್ನೂ ಕೊಡಬಹುದು. ಹೊರಗೆ ಹಾಗಲ್ಲ. ಅದಕ್ಕಾಗಿಯೇ ಚೇತರಿಕೆ ಕೊಠಡಿಯಲ್ಲಿ ನರ್ಸ್ ಪದೇ ಪದೇ ಹೆಸರು ಹಿಡಿದು ಕರೆಯುತ್ತಾರೆ, ಉಸಿರನ್ನು ಎಣಿಸುತ್ತಾರೆ, ಬೆರಳಿಗೆ ಆಮ್ಲಜನಕದ ಮಾಪಕ ಸಿಕ್ಕಿಸಿರುತ್ತಾರೆ. ಅತಿಯಾದ ತೂಕಡಿಕೆ ಮೊದಲ ಎಚ್ಚರಿಕೆ. ಪ್ರತಿವಿಷವೂ ಇದೆ, ಅದರ ಹೆಸರು ನಲಾಕ್ಸೋನ್. ಅದೇ ಗ್ರಾಹಕದಿಂದ ಒಪಿಯಾಯ್ಡನ್ನು ಸರಿಸಿ ಕೆಲವೇ ನಿಮಿಷಗಳಲ್ಲಿ ಉಸಿರಾಟವನ್ನು ಮರಳಿಸುತ್ತದೆ. ಅದರ ಪರಿಣಾಮ ಮಾರ್ಫಿನ್‌ನದಕ್ಕಿಂತ ಬೇಗ ಮುಗಿಯುವುದರಿಂದ ಆಮೇಲೂ ರೋಗಿಯನ್ನು ಕಾಯಬೇಕು. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್‌ನ ಅವಶೇಷಗಳು ದೇಹದಲ್ಲಿ ಸೇರಿಕೊಳ್ಳುತ್ತವೆ, ನಿದ್ದೆಮಾತ್ರೆ ಅಥವಾ ಮದ್ಯ ಸೇರಿದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಇದನ್ನೆಲ್ಲ ವೈದ್ಯರು ಕೇಳಬೇಕು, ರೋಗಿಯ ಮನೆಯವರು ಮರೆಮಾಚದೆ ಹೇಳಬೇಕು.

ಕ್ಯಾನ್ಸರ್ ರೋಗಿ ಮನೆಯಲ್ಲಿ ಮಾರ್ಫಿನ್ ತೆಗೆದುಕೊಳ್ಳುವ ಕ್ರಮ ಇದಕ್ಕಿಂತ ಬೇರೆ, ಮತ್ತು ನಿಜಕ್ಕೂ ಸರಳ. ಸೂಜಿ ಬೇಕಿಲ್ಲ; ಬಾಯಿಂದ ತೆಗೆದುಕೊಂಡ ಮಾತ್ರೆಯ ಸುಮಾರು ಮೂರನೆಯ ಒಂದು ಭಾಗ ರಕ್ತಕ್ಕೆ ತಲುಪುತ್ತದೆ, ಲೆಕ್ಕವನ್ನು ಅದಕ್ಕೆ ತಕ್ಕಂತೆಯೇ ಹಾಕಿರುತ್ತಾರೆ. ಚಿಕ್ಕ ಪ್ರಮಾಣದಿಂದ ಆರಂಭಿಸಿ, ನೋವು ಬಂದಾಗಲ್ಲ, ಗಡಿಯಾರ ನೋಡಿ ಕೊಡಬೇಕು. ನೋವು ಹಿಂತಿರುಗುವ ಮೊದಲೇ ಮುಂದಿನ ಮಾತ್ರೆ ಹೊಟ್ಟೆ ಸೇರಿರಬೇಕು. ನಡುವೆ ನೋವು ನುಗ್ಗಿದರೆ ಒಂದು ಹೆಚ್ಚುವರಿ ಮಾತ್ರೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾದ ಚಿಕಿತ್ಸಾಕ್ರಮವನ್ನು ಪ್ರಕಟಿಸಿದಾಗಿನಿಂದ ಗಡಿಯಾರದ ಈ ನಿಯಮ ವೈದ್ಯರಿಗೆ ಪರಿಚಿತ. ಅಕ್ಕನ ಭಯಕ್ಕೂ ಇಲ್ಲೇ ಉತ್ತರವಿತ್ತು. ಪ್ಯಾರಸಿಟಮಾಲ್‌ಗೆ ಇರುವಂಥ ನಿಗದಿತ ಮೇಲ್ಮಿತಿ ಮಾರ್ಫಿನ್‌ಗೆ ಇಲ್ಲ. ನೋವು ಹೆಚ್ಚಿದರೆ, ಉಸಿರು ಮತ್ತು ಎಚ್ಚರವನ್ನು ಗಮನಿಸುತ್ತಾ, ಪ್ರಮಾಣವನ್ನೂ ಹೆಚ್ಚಿಸಬಹುದು. ನಾಳೆಗೆಂದು ಉಳಿಸಿಟ್ಟು ಇಂದು ನರಳುವ ಅಗತ್ಯವಿರಲಿಲ್ಲ. ಮೊದಲ ದಿನಗಳ ವಾಕರಿಕೆ, ತೂಕಡಿಕೆ ಬಹುಮಟ್ಟಿಗೆ ತಾವೇ ಹೋಗುತ್ತವೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ, ಆದ್ದರಿಂದ ಮೊದಲ ಮಾತ್ರೆಯ ದಿನದಿಂದಲೇ ಮಲ ಸಡಿಲಿಸುವ ಔಷಧವನ್ನೂ ಬರೆಸಿಕೊಳ್ಳಬೇಕು. ಇದನ್ನು ಮರೆತು, ಹೊಟ್ಟೆ ಕಟ್ಟಿತೆಂದು ಮಾರ್ಫಿನ್ ನಿಲ್ಲಿಸಿದವರು ಬಹಳ. ನರಕ್ಕೆ ಸಂಬಂಧಿಸಿದ ಉರಿನೋವಿಗೆ ಮಾರ್ಫಿನ್ ಒಂದೇ ಸಾಲದಿರಬಹುದು, ಮೂಳೆನೋವಿಗೆ ವಿಕಿರಣ ಚಿಕಿತ್ಸೆ ದೊಡ್ಡ ನೆರವು. ಅಕ್ಕನಿಗೂ ಎರಡೂ ಬೇಕಾದವು.

ಚಟದ ಮಾತು. ಔಷಧಕ್ಕೆ ದೇಹ ಒಗ್ಗಿ ಪ್ರಮಾಣ ಹೆಚ್ಚು ಬೇಕಾಗುವುದು ಒಂದು. ಒಮ್ಮೆಲೇ ನಿಲ್ಲಿಸಿದರೆ ಬೆವರು, ಭೇದಿ, ಚಡಪಡಿಕೆ ಕಾಣಿಸಿಕೊಳ್ಳುವುದು ಇನ್ನೊಂದು. ಹಾನಿಯಾಗುತ್ತಿದೆಯೆಂದು ತಿಳಿದೂ ಅದರ ಬೆನ್ನುಹತ್ತಿ ಬದುಕನ್ನೇ ಹಾಳುಮಾಡಿಕೊಳ್ಳುವುದು ಮೂರನೆಯದು. ಈ ಮೂರನೆಯದಷ್ಟೇ ಚಟ. ಮೊದಲ ಎರಡು ಯಾರಿಗಾದರೂ ಆಗಬಹುದು, ಪ್ರಮಾಣವನ್ನು ಹಂತಹಂತವಾಗಿ ಇಳಿಸಿದರೆ ಬಗೆಹರಿಯುತ್ತವೆ. ಕ್ಯಾನ್ಸರ್ ನೋವಿಗೆ ವೈದ್ಯರ ನಿಗಾದಲ್ಲಿ ಕೊಟ್ಟಾಗ ಚಟ ಅಪರೂಪ. ಇಲ್ಲವೇ ಇಲ್ಲವೆಂದು ನಾನು ಹೇಳುವುದಿಲ್ಲ. ಅಮೆರಿಕದ ಉದಾಹರಣೆಯನ್ನು ಓದುಗರು ಎತ್ತಬಹುದು, ಎತ್ತಲೇಬೇಕು. ಅಲ್ಲಿ 1990ರ ದಶಕದಿಂದ ಬೆನ್ನುನೋವು, ಕೀಲುನೋವುಗಳಂಥ ದೀರ್ಘಕಾಲದ ತೊಂದರೆಗಳಿಗೆ ಒಪಿಯಾಯ್ಡ್‌ಗಳನ್ನು ಧಾರಾಳವಾಗಿ ಬರೆಯಲಾಯಿತು, ಕಂಪನಿಗಳು ಅಪಾಯವನ್ನು ಕಿರಿದಾಗಿಸಿ ಹೇಳಿದವು, ಮುಂದೆ ಅಕ್ರಮ ಫೆಂಟನಿಲ್ ಬೀದಿಗಿಳಿಯಿತು. 2021ರ ಒಂದೇ ವರ್ಷದಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಒಪಿಯಾಯ್ಡ್‌ಗಳಿಂದ. ಹಳೆಯ ಸೊಂಟನೋವಿಗೆ ತಿಂಗಳುಗಟ್ಟಲೆ ಇವನ್ನು ಕೊಡುವುದನ್ನು ನಾನೂ ವಿರೋಧಿಸುತ್ತೇನೆ. ಶಸ್ತ್ರಚಿಕಿತ್ಸೆಯ ನಂತರ ಬೇಕಾಗುವುದು ಕೆಲವೇ ದಿನ. ಆದರೆ ಅಮೆರಿಕದವರು ಅತಿಯಾಗಿ ಕೊಟ್ಟ ತಪ್ಪಿಗೆ ಬೆನ್ನುಮೂಳೆಯಲ್ಲಿ ಕ್ಯಾನ್ಸರ್ ಹೊತ್ತು ವಿದ್ಯಾರಣ್ಯಪುರದಲ್ಲಿ ಮಲಗಿದ್ದ ಹೆಂಗಸು ಏಕೆ ದಂಡ ತೆರಬೇಕಿತ್ತು?

ನಮ್ಮ ದೇಶದ ತಪ್ಪು ಅದಕ್ಕೆ ವಿರುದ್ಧವಾದದ್ದು. ಮಾದಕ ದ್ರವ್ಯಗಳ ಕಾಯ್ದೆ 1985ರಲ್ಲಿ ಬಂದಾಗ ಮಾರ್ಫಿನ್ ಇಟ್ಟುಕೊಳ್ಳಲು ಬೇರೆ ಬೇರೆ ಇಲಾಖೆಗಳ ಹಲವು ಪರವಾನಗಿಗಳು ಏಕಕಾಲಕ್ಕೆ ಚಾಲ್ತಿಯಲ್ಲಿರಬೇಕಾಗಿತ್ತು, ಲೆಕ್ಕದಲ್ಲಿ ತಪ್ಪಿದರೆ ಕಠಿಣ ಶಿಕ್ಷೆಯ ಭಯವಿತ್ತು. ಆಸ್ಪತ್ರೆಗಳೂ ಔಷಧದಂಗಡಿಗಳೂ ಅದರ ಗೊಡವೆಯೇ ಬೇಡವೆಂದವು. ಸುಮಾರು 12 ವರ್ಷಗಳಲ್ಲಿ ವೈದ್ಯಕೀಯ ಮಾರ್ಫಿನ್ ಬಳಕೆ ಶೇ 90ಕ್ಕಿಂತ ಹೆಚ್ಚು ಕುಸಿಯಿತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯ ಮೇಲೆಯೇ ಅಫೀಮು ಬೆಳೆಯುತ್ತದೆ, ನೀಮಚ್ ಮತ್ತು ಘಾಜೀಪುರಗಳ ಸರ್ಕಾರಿ ಕಾರ್ಖಾನೆಗಳಲ್ಲಿ ಅದರ ಸಂಸ್ಕರಣೆ ನಡೆಯುತ್ತದೆ, ಹೊರದೇಶಗಳ ಔಷಧ ಕಂಪನಿಗಳಿಗೂ ಅದು ರಫ್ತಾಗುತ್ತಿತ್ತು. ಆ ಹೊಲಗಳ ದೇಶದಲ್ಲೇ ಕ್ಯಾನ್ಸರ್ ರೋಗಿಗೆ ಮಾತ್ರೆ ಸಿಗದಾಯಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮೊದಲಾದವರು ದಶಕಗಳ ಕಾಲ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಮಾರ್ಫಿನ್, ಫೆಂಟನಿಲ್ ಸೇರಿದಂತೆ ಆರು ಔಷಧಗಳನ್ನು ಅಗತ್ಯ ಮಾದಕ ಔಷಧಗಳೆಂದು ಗುರುತಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿಯಲ್ಲಿ ಅವನ್ನು ಇಟ್ಟುಕೊಳ್ಳಬಹುದಾಯಿತು. ಆದರೂ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದಲ್ಲಿ ಇಂಥ ನೋವುನಿವಾರಕಗಳ ಪೂರೈಕೆ ಅಗತ್ಯದ ಶೇ 4ರಷ್ಟು ಮಾತ್ರ. ಕಾನೂನು ಸಡಿಲವಾದರೂ ಅಭ್ಯಾಸವಾದ ಭಯ ಸಡಿಲವಾಗಿಲ್ಲ. ನಮ್ಮ ಬಡಾವಣೆಗಳ ಮೆಡಿಕಲ್ ಶಾಪ್‌ಗಳಲ್ಲಿ ಮಾರ್ಫಿನ್ ಎಂದು ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಅಕ್ಕನಿಗೆ ಮಾತ್ರೆ ಬರೆದ ಆಸ್ಪತ್ರೆಯಲ್ಲೇ ಮೊದಲ ಸಲ ದಾಸ್ತಾನು ಇರಲಿಲ್ಲ.

ಬೆಂಗಳೂರಿನ ಅದೃಷ್ಟವೆಂದರೆ ಇಲ್ಲಿ ಕೇಳಲು ಜಾಗಗಳಿವೆ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ನೋವು ಮತ್ತು ಉಪಶಮನ ಆರೈಕೆಯ, ಅಂದರೆ ರೋಗದ ನೋವು-ಸಂಕಟಗಳನ್ನು ತಗ್ಗಿಸುವ ಆರೈಕೆಯ, ವಿಭಾಗವಿದೆ. ಮಾರತ್ತಹಳ್ಳಿ ಸಮೀಪದ ಕರುಣಾಶ್ರಯ 1990ರ ದಶಕದಿಂದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತಿದೆ. ಉಪಶಮನ ಆರೈಕೆಯೆಂದರೆ ಕೈಚೆಲ್ಲಿದ್ದಾರೆಂದು ಅರ್ಥವಲ್ಲ. ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವಾಗಲೇ ಅಲ್ಲಿಗೆ ಹೋಗಬಹುದು, ಹೋಗಬೇಕು.

ತಮ್ಮಲ್ಲಿ ನನ್ನದೊಂದು ಕೋರಿಕೆ. ನಗರದಲ್ಲಿ ಮಾದಕ ವಸ್ತು ವಶಪಡಿಸಿಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ, ಬರಬೇಕಾದದ್ದೇ. ಅವುಗಳಲ್ಲಿ ಮಾರ್ಫಿನ್, ಫೆಂಟನಿಲ್‌ಗಳ ಹೆಸರು ಬಂದಾಗ ಇವು ಆಸ್ಪತ್ರೆಗಳಲ್ಲಿ ದಿನನಿತ್ಯ ಬಳಕೆಯಾಗುವ ಅಗತ್ಯ ಔಷಧಗಳೂ ಹೌದು ಎಂಬ ಒಂದು ಸಾಲು ಸೇರಿಸಿದರೆ, ಅದನ್ನು ಓದುವ ಯಾವುದೋ ಮನೆಯ ಭಾವನವರು ಚೀಟಿ ನೋಡಿ ಕುಸಿದು ಕೂರಲಾರರು. ನನ್ನ ವೃತ್ತಿಬಾಂಧವರಿಗೂ ಹೇಳುವುದಿದೆ. ಮಾರ್ಫಿನ್ ಬರೆದ ಚೀಟಿಯನ್ನು ಕೈಗಿಟ್ಟು ಮುಂದಿನ ರೋಗಿಯನ್ನು ಕರೆಯಬೇಡಿ, ಮನೆಯವರನ್ನು ಕೂರಿಸಿಕೊಂಡು ಹತ್ತು ನಿಮಿಷ ಮಾತನಾಡಿ. ನಾವು ಕಳೆದುಕೊಂಡ 11 ದಿನಗಳಲ್ಲಿ ಬಹುಪಾಲು ಆ ಹತ್ತು ನಿಮಿಷ ಇಲ್ಲದ್ದರಿಂದ ಹೋದವು.

ಹನ್ನೆರಡನೆಯ ದಿನ ಉಪಶಮನ ಆರೈಕೆಯ ನರ್ಸ್ ಒಬ್ಬರು ಮನೆಗೆ ಬಂದು, ಅಡುಗೆಮನೆಯಲ್ಲಿ ಭಾವನವರ ಎದುರು ಕುಳಿತು, ನಾನು ಮೇಲೆ ಬರೆದ ಮಾತುಗಳನ್ನೇ ನನಗಿಂತ ತಾಳ್ಮೆಯಿಂದ ಹೇಳಿದರು. ಮೊದಲ ಮಾತ್ರೆಯನ್ನು ಭಾವನವರೇ ಕೊಟ್ಟರು. ಎರಡು ದಿನಗಳ ನಂತರ ಅಕ್ಕ ದಿಂಬಿಗೊರಗಿ ಕುಳಿತು ಮೊಮ್ಮಗಳ ತಲೆ ಬಾಚಿ ಜಡೆ ಹೆಣೆದಳು. ಆಮೇಲೆ ಆಕೆ ನಾಲ್ಕೂವರೆ ತಿಂಗಳು ಬದುಕಿದ್ದಳು, ಪೂರ್ಣ ಎಚ್ಚರದಲ್ಲಿ, ಪ್ರಮಾಣ ಎರಡು ಸಲ ಮಾತ್ರ ಹೆಚ್ಚಿತು. ವೇಳೆಪಟ್ಟಿಯನ್ನು ಭಾವನವರು ಫ್ರಿಜ್‌ನ ಬಾಗಿಲಿಗೆ ಅಂಟಿಸಿ ಪ್ರತಿ ಮಾತ್ರೆಗೂ ಗುರುತು ಹಾಕುತ್ತಿದ್ದರು. ಆಕೆ ಹೋದ ಮೇಲೆ ಉಳಿದಿದ್ದ 26 ಮಾತ್ರೆಗಳನ್ನು ಅವರೇ ಕವರಿನಲ್ಲಿ ಹಾಕಿ ತಂದು, ಕೊಟ್ಟ ಸಂಸ್ಥೆಗೆ ಹಿಂದಿರುಗಿಸಿದರು. ಅಲ್ಲಿಯ ಸಿಬ್ಬಂದಿ ಒಂದೊಂದನ್ನೂ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡು ಅವರ ಸಹಿ ಪಡೆದರು.

— ನಿವೃತ್ತ ಅರಿವಳಿಕೆ ತಜ್ಞೆ, ಜಯನಗರ, ಬೆಂಗಳೂರು